ಆಫೀಸ್ ಫೋನಿನ ಕೆಂಪು ದೀಪ: ವಾಯ್ಸ್‌ಮೇಲ್ ಕೀಲಿ ಯಾರ ಹತ್ರ ಇತ್ತು?

1998ರ ಜೂನ್ 28, ಭಾನುವಾರ. ಅಮೆರಿಕದ ಒಹಾಯೊ ರಾಜ್ಯದ ಸಿನ್ಸಿನಾಟಿ ನಗರ. ಅಲ್ಲಿನ ಜನ ಬೆಳಗ್ಗೆ ಕಾಫಿ ಜೊತೆ ತಮ್ಮ ಊರಿನ ಪತ್ರಿಕೆ ‘ಸಿನ್ಸಿನಾಟಿ ಎನ್‌ಕ್ವೈರರ್’ ಬಿಡಿಸಿದ್ರೆ ಮುಖಪುಟದಲ್ಲಿ ಒಂದು ಕ್ಷಮಾಪಣೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕೋ ತಿದ್ದುಪಡಿ ಅಲ್ಲ, ದೊಡ್ಡದಾಗಿ, ಎದ್ದು ಕಾಣೋ ಹಾಗೆ. ಎರಡು ತಿಂಗಳ ಹಿಂದೆಯಷ್ಟೇ 18 ಪುಟ ತುಂಬ ಬರೆದಿದ್ದ ತನಿಖಾ ವರದಿಯನ್ನ ಪತ್ರಿಕೆ ಕೈಬಿಟ್ಟಿತ್ತು. ಆ ವರದಿ ಯಾರ ಬಗ್ಗೆ ಇತ್ತೋ ಆ ಕಂಪನಿಗೆ 1 ಕೋಟಿ ಡಾಲರ್‌ಗಿಂತ ಜಾಸ್ತಿ ಕೊಡೋದಕ್ಕೂ ಒಪ್ಪಿಕೊಂಡಿತ್ತು.

ಇಷ್ಟಕ್ಕೆಲ್ಲ ಕಾರಣ ಆಫೀಸಿನ ವಾಯ್ಸ್‌ಮೇಲ್. ಯಾರೂ ಬೀಗ ಒಡೆದಿರಲಿಲ್ಲ, ವೈರಸ್ ಬಿಟ್ಟಿರಲಿಲ್ಲ. ಯಾರೋ ಫೋನಿನ ಗುಂಡಿ ಒತ್ತಿದ್ರು, ಬಾಗಿಲು ತೆರೀತು. ಅಷ್ಟೇ.

ಇವತ್ತಿನ ಸಂಚಿಕೆ ಆ ಬಾಗಿಲಿನ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಬಾಗಿಲಿನ ಕೀಲಿಗೊಂಚಲು ಇಟ್ಟುಕೊಂಡು ಕೂತಿದ್ದ, ಇತಿಹಾಸದ ಪುಸ್ತಕಗಳಲ್ಲಿ ಹೆಸರೇ ಬರದ ಒಬ್ಬ ವ್ಯಕ್ತಿಯ ಬಗ್ಗೆ. ವಾಯ್ಸ್‌ಮೇಲ್ ಅಡ್ಮಿನಿಸ್ಟ್ರೇಟರ್ ಅಂತ ಒಂದು ಕೆಲಸ ಇತ್ತು. ನಿಮ್ಮಲ್ಲಿ ಅರ್ಧಕ್ಕರ್ಧ ಜನ ವಾಯ್ಸ್‌ಮೇಲನ್ನ ಹಾಲಿವುಡ್ ಸಿನಿಮಾದಲ್ಲಿ ಮಾತ್ರ ನೋಡಿರ್ತೀರಿ. ‘ಬೀಪ್ ಸದ್ದಾದ ಮೇಲೆ ನಿಮ್ಮ ಸಂದೇಶ ಬಿಡಿ’ ಅನ್ನುತ್ತಲ್ಲ, ಅದೇ. ವಾಟ್ಸ್‌ಆ್ಯಪ್ ವಾಯ್ಸ್ ನೋಟ್‌ನ ಅಜ್ಜ ಅಂದುಕೊಳ್ಳಿ.

ಈ ಅಜ್ಜನ ಕತೆ ಎಲ್ಲಿಂದ ಶುರು? ಟೆಲಿಫೋನ್ ಹುಟ್ಟಿದಾಗಿಂದ ಅದಕ್ಕೆ ಒಂದು ಊನ ಇತ್ತು: ಎರಡೂ ಕಡೆ ಮನುಷ್ಯರು ಒಂದೇ ಹೊತ್ತಿಗೆ ಇರಬೇಕು. ಕಾಗದ ಆದರೆ ಮನೆ ಬಾಗಿಲಲ್ಲಿ ಬಿದ್ದು ಕಾಯುತ್ತೆ. ಫೋನ್ ಕಾಯಲ್ಲ. ಥಾಮಸ್ ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡಿದ. ಅದನ್ನ ಹಾಡು ಕೇಳೋ ಯಂತ್ರ ಅಂತ ನಾವು ನೆನಪಿಟ್ಟುಕೊಂಡಿದ್ದೀವಿ. ಆದರೆ ಮರುವರ್ಷ ಬರೆದ ಒಂದು ಲೇಖನದಲ್ಲಿ ಅವನು ಅದರ ಉಪಯೋಗಗಳ ಪಟ್ಟಿ ಕೊಡುವಾಗ ಆಫೀಸ್ ಪತ್ರಗಳ ಡಿಕ್ಟೇಶನ್‌ಗೆ ಜಾಗ ಕೊಟ್ಟಿದ್ದ, ಟೆಲಿಫೋನಿಗೆ ಜೋಡಿಸಿ ಮಾತನ್ನ ದಾಖಲು ಮಾಡೋದಕ್ಕೂ ಜಾಗ ಕೊಟ್ಟಿದ್ದ. ಅಂದರೆ ಸಂಗೀತಕ್ಕಿಂತ ಗುಮಾಸ್ತಗಿರಿಯ ಕಡೆಗೇ ಅವನ ಗಮನ ಇತ್ತು. ಬಿಕಾಂ ಓದಿದವಳಾಗಿ ನನಗೆ ಈ ವಿಷಯ ಸ್ವಲ್ಪ ಖುಷಿನೇ ಕೊಡುತ್ತೆ.

ಮುಂದಿನ ಹೆಜ್ಜೆ ಡೆನ್ಮಾರ್ಕ್‌ನದ್ದು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡ್ತಿದ್ದ ವಾಲ್ಡೆಮಾರ್ ಪೌಲ್ಸೆನ್ 1898ರಲ್ಲಿ ಉಕ್ಕಿನ ತಂತಿ ಮೇಲೆ ಅಯಸ್ಕಾಂತದಿಂದ ಧ್ವನಿ ಬರೆಯೋ ಯಂತ್ರಕ್ಕೆ ಪೇಟೆಂಟ್ ಪಡೆದ. ಟೆಲಿಗ್ರಾಫೋನ್ ಅಂತ ಹೆಸರು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಜ್ ಜೋಸೆಫ್ ಅದರ ಮುಂದೆ ಮಾತಾಡಿದ. ಇವತ್ತಿಗೆ ಉಳಿದಿರೋ ಅತಿ ಹಳೆಯ ಅಯಸ್ಕಾಂತ ಧ್ವನಿಮುದ್ರಣ ಅದೇ.

ಹಾಗಾದರೆ ವಾಯ್ಸ್‌ಮೇಲ್ ನೂರು ವರ್ಷದ ಹಿಂದೆಯೇ ಬರಬೇಕಿತ್ತಲ್ವಾ? ಬರಲಿಲ್ಲ. 1930ರ ದಶಕದ ಮೊದಲಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಅನ್ನೋ ವಿಜ್ಞಾನಿ ಕರೆ ಬಂದಾಗ ತಾನೇ ಉತ್ತರಿಸಿ ಸಂದೇಶ ಹಿಡಿದಿಡೋ ಯಂತ್ರ ಕಟ್ಟಿದ್ದ. ಕೆಲಸ ಮಾಡ್ತಿತ್ತು ಕೂಡ. ಆದರೆ ಮಾಲೀಕ ಕಂಪನಿ ಎಟಿ ಅಂಡ್ ಟಿ ಅದನ್ನ ಮೂಲೆಗೆ ತಳ್ಳಿತು. ಮಾರ್ಕ್ ಕ್ಲಾರ್ಕ್ ಅನ್ನೋ ಇತಿಹಾಸಕಾರ 1990ರ ದಶಕದಲ್ಲಿ ಹಳೇ ಕಡತ ಕೆದಕಿದಾಗ ಕಾರಣ ಗೊತ್ತಾಯ್ತು: ಭಯ. ಫೋನಲ್ಲಿ ಆಡಿದ ಮಾತು ದಾಖಲಾಗುತ್ತೆ ಅಂತ ಗೊತ್ತಾದರೆ ಜನ ಫೋನ್ ಮಾಡೋದನ್ನೇ ಬಿಡ್ತಾರೆ, ವ್ಯಾಪಾರಸ್ಥರು ಬಾಯಿಮಾತಿನ ಚೌಕಾಸಿ ನಿಲ್ಲಿಸ್ತಾರೆ ಅಂತ ಕಂಪನಿ ಹೆದರಿತ್ತು.

ತಮಾಷೆ ಏನಂದ್ರೆ, ‘ಜನ ಫೋನ್ ಬಿಡ್ತಾರೆ’ ಅನ್ನೋ ಲೆಕ್ಕ ಪೂರಾ ಸುಳ್ಳಾಯ್ತು. ‘ದಾಖಲಾದ ಮಾತು ಅಪಾಯ’ ಅನ್ನೋ ಅನುಮಾನ ಮಾತ್ರ ನಿಜ ಆಯ್ತು. ಅದಕ್ಕೆ ಇನ್ನೂ 60 ವರ್ಷ ಇತ್ತು.

ಅಲ್ಲಿಯವರೆಗೆ ಆಫೀಸಿನ ವಾಯ್ಸ್‌ಮೇಲ್ ಅಂದ್ರೆ ಒಂದು ಗುಲಾಬಿ ಚೀಟಿ. ಅಮೆರಿಕದ ಆಫೀಸುಗಳಲ್ಲಿ ‘ನೀವು ಇಲ್ಲದಾಗ’ ಅಂತ ಅಚ್ಚಾದ ಗುಲಾಬಿ ಬಣ್ಣದ ಚೀಟಿಪುಸ್ತಕ ಇರ್ತಿತ್ತು. ಸ್ವಾಗತಕಾರಿಣಿಯೋ ಸೆಕ್ರೆಟರಿಯೋ ಕರೆ ತಗೊಂಡು, ಹೆಸರು, ನಂಬರ್, ಹೊತ್ತು ಬರೆದು, ಸಾಹೇಬರ ಮೇಜಿನ ಮೇಲೆ ಇಡೋದು. ಸಾಹೇಬರು ವಾಪಸ್ ಕರೆ ಮಾಡಿದಾಗ ಆ ಕಡೆಯವರು ಇಲ್ಲ. ಅಲ್ಲಿ ಇನ್ನೊಂದು ಗುಲಾಬಿ ಚೀಟಿ. ಹೀಗೆ ದಿನಗಟ್ಟಲೆ ಕಣ್ಣಾಮುಚ್ಚಾಲೆ. ಈ ಕೆಲಸ ಮಾಡ್ತಿದ್ದವರು ಬಹುಪಾಲು ಹೆಂಗಸರು. ಯಾರು ಯಾರಿಗೆ ಕರೆ ಮಾಡಿದ್ರು, ಯಾವ ದನಿಯಲ್ಲಿ ಮಾತಾಡಿದ್ರು, ಯಾವುದನ್ನ ಚೀಟಿಯಲ್ಲಿ ಬರೀಬಾರದು, ಎಲ್ಲ ಅವರಿಗೆ ಗೊತ್ತಿರ್ತಿತ್ತು. ಕಂಪನಿಯ ಗುಟ್ಟು ಕಾಯೋ ಮೊದಲ ‘ಸಿಸ್ಟಂ’ ಅವರೇ. ಈ ಮಾತು ನೆನಪಿಟ್ಟುಕೊಳ್ಳಿ.

ಗಾರ್ಡನ್ ಮ್ಯಾಥ್ಯೂಸ್ ಅಂತ ಒಬ್ಬ ಎಂಜಿನಿಯರ್. ಅಮೆರಿಕದ ಮರೀನ್ ಪಡೆಯಲ್ಲಿ ಪೈಲಟ್ ಆಗಿದ್ದವನು, ಆಮೇಲೆ ಐಬಿಎಂ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ಗಳಲ್ಲಿ ಕೆಲಸ ಮಾಡಿದವನು. ಅವನ ಬಗ್ಗೆ ಎಲ್ಲ ಕಡೆ ಹೇಳೋ ಕತೆ ಇದು: ಒಂದು ಮಳೆಯ ದಿನ ಗ್ರಾಹಕರೊಬ್ಬರ ಆಫೀಸಿನಲ್ಲಿದ್ದಾಗ ಹೊರಗಿನ ಕಸದ ತೊಟ್ಟಿ ಕಣ್ಣಿಗೆ ಬಿತ್ತಂತೆ. ತುಂಬ ಗುಲಾಬಿ ಚೀಟಿಗಳು. ಇಷ್ಟೊಂದು ಕಾಗದ, ಇಷ್ಟೊಂದು ಸಂಬಳದ ಹೊತ್ತು ಹೀಗೆ ನೆನೀತಾ ಬಿದ್ದಿದೆಯಲ್ಲ ಅನ್ನಿಸ್ತಂತೆ. ಕಂಪನಿ ಕಟ್ಟಿದವರ ಇಂಥ ಕತೆಗಳನ್ನ ನಾನು ಸ್ವಲ್ಪ ಉಪ್ಪು-ಹುಳಿ ಕಳೆದೇ ಕೇಳೋದು. ಆದರೆ ಮುಂದಿನದಕ್ಕೆ ದಾಖಲೆ ಇದೆ. 1979ರಲ್ಲಿ ಡಲ್ಲಾಸ್‌ನಲ್ಲಿ ಕಂಪನಿ ಶುರು ಮಾಡಿದ, ಆಮೇಲೆ ಅದರ ಹೆಸರು ವಿಎಂಎಕ್ಸ್ ಆಯ್ತು. ಅದೇ ವರ್ಷ ಪೇಟೆಂಟ್ ಅರ್ಜಿ, 1983ರ ಫೆಬ್ರವರಿಯಲ್ಲಿ ಪೇಟೆಂಟ್. ಮೊದಲ ದೊಡ್ಡ ಗ್ರಾಹಕ ತ್ರೀಎಂ ಕಂಪನಿ. ಆ ಯಂತ್ರದಲ್ಲಿ ಮೊದಲು ಮೂಡಿದ ಸ್ವಾಗತದ ಮಾತು ಅವನ ಹೆಂಡತಿ ಮೋನಿಕಾ ಅವರ ದನಿ.

ಇವನೊಬ್ಬನೇ ಕಂಡುಹಿಡಿದ ಅಂತ ಹೇಳಕ್ಕಾಗಲ್ಲ. ಐಬಿಎಂನಲ್ಲಿ ಸ್ಟೀಫನ್ ಬೋಯ್ಸ್ ಮತ್ತು ಸಂಗಡಿಗರು 1970ರ ದಶಕದಿಂದಲೇ ‘ಧ್ವನಿ ಕಡತ’ದ ವ್ಯವಸ್ಥೆ ಮೇಲೆ ಕೆಲಸ ಮಾಡ್ತಿದ್ರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳಿಗೆ ಅದನ್ನೇ ಕೊಟ್ಟರು. ಊರಲ್ಲಿರೋ ಅಪ್ಪ-ಅಮ್ಮ ಫೋನ್ ಮಾಡಿ ಸಂದೇಶ ಬಿಟ್ಟರೆ ಒಲಿಂಪಿಕ್ ಗ್ರಾಮದ ಗೂಡಂಗಡಿಯಂಥ ಕಿಯೋಸ್ಕ್‌ನಲ್ಲಿ ಮಗ-ಮಗಳು ಕೇಳಬಹುದಿತ್ತು. 12 ಭಾಷೆ. ಕೂಟ ಮುಗಿಯೋ ಹೊತ್ತಿಗೆ 40,000ಕ್ಕೂ ಹೆಚ್ಚು ಸಲ ಬಳಕೆ. ನನಗೆ ಅದಕ್ಕಿಂತ ಇಷ್ಟ ಆಗಿದ್ದು ಅದನ್ನ ಪರೀಕ್ಷೆ ಮಾಡಿದ ರೀತಿ. ಐಬಿಎಂ ಸಂಶೋಧನಾಲಯದ ಓಡಾಟದ ದಾರಿಯಲ್ಲಿ ಯಂತ್ರ ಇಟ್ಟು, ಹೋಗಿ-ಬರೋರೆಲ್ಲ ಒತ್ತಿ ನೋಡಿ ಬೈದಿದ್ದನ್ನ ಬರೆದುಕೊಂಡು ತಿದ್ದಿದ್ರು. ಇವತ್ತು ಆ್ಯಪ್ ಮಾಡೋರು ‘ಯೂಸರ್ ಟೆಸ್ಟಿಂಗ್’ ಅಂತ ದೊಡ್ಡ ಹೆಸರಲ್ಲಿ ಮಾಡೋ ಕೆಲಸ ಅದೇ.

ಇದೆಲ್ಲ ಸಾಧ್ಯ ಆಗಿದ್ದಕ್ಕೆ ಹಿಂದೆ ಎರಡು ಸಣ್ಣ ಘಟನೆ ಇವೆ. ಒಂದು, 1963ರಲ್ಲಿ ಬಂದ ಗುಂಡಿ ಫೋನ್. ಪ್ರತಿ ಗುಂಡಿ ಒತ್ತಿದಾಗ ಎರಡು ಸ್ವರ ಒಟ್ಟಿಗೆ ಕೇಳುತ್ತೆ. ಆ ಸ್ವರ ತಂತಿಯ ಆಚೆ ತುದಿಯಲ್ಲಿರೋ ಯಂತ್ರಕ್ಕೆ ಅರ್ಥ ಆಗುತ್ತೆ. ಅಂದರೆ ಫೋನೇ ಕೀಬೋರ್ಡ್ ಆಯ್ತು. ಇನ್ನೊಂದು, 1968ರ ಕಾರ್ಟರ್‌ಫೋನ್ ತೀರ್ಪು. ಬೆಲ್ ಕಂಪನಿಯದ್ದಲ್ಲದ ಉಪಕರಣವನ್ನೂ ಫೋನ್ ಜಾಲಕ್ಕೆ ಜೋಡಿಸಬಹುದು ಅಂತ ಅಮೆರಿಕದ ಸಂಪರ್ಕ ಆಯೋಗ ಹೇಳಿತು. ಆವತ್ತು ಎಟಿ ಅಂಡ್ ಟಿ ಮೂಲೆಗೆ ತಳ್ಳಿದ್ದನ್ನ ಬೇರೆಯವರು ಮಾರಕ್ಕೆ ದಾರಿ ಆಯ್ತು.

ಈಗ ನಮ್ಮ ಅಡ್ಮಿನಿಸ್ಟ್ರೇಟರ್ ರಂಗಕ್ಕೆ ಬರ್ತಾರೆ. ಅವರ ಮೊದಲ ತಲೆನೋವು ಜಾಗ. ಲೆಕ್ಕ ಹೇಳ್ತೀನಿ ಕೇಳಿ. ಫೋನಿನ ದನಿಯನ್ನ ಅಂಕಿಗೆ ಬದಲಾಯಿಸೋ ಮಾಮೂಲಿ ಪದ್ಧತಿಯಲ್ಲಿ ಸೆಕೆಂಡಿಗೆ 8,000 ಸಲ ಅಳೀತಾರೆ, ಪ್ರತಿ ಅಳತೆಗೆ 8 ಬಿಟ್. ಒಂದು ನಿಮಿಷದ ಮಾತಿಗೆ 480 ಕಿಲೋಬೈಟ್. 1980ರಲ್ಲಿ ಬಂದ ಸೀಗೇಟ್ ಕಂಪನಿಯ ಮೊದಲ ಪುಟ್ಟ ಹಾರ್ಡ್ ಡಿಸ್ಕ್ 5 ಮೆಗಾಬೈಟ್, ಬೆಲೆ ಸುಮಾರು 1,500 ಡಾಲರ್. ಅದರಲ್ಲಿ ಹಿಡಿಯೋದು ಹತ್ತು ನಿಮಿಷದ ಮಾತು! ಇವತ್ತು ನಿಮ್ಮ ಚಿಕ್ಕಮ್ಮ ಒಂದೇ ವಾಯ್ಸ್ ನೋಟ್‌ನಲ್ಲಿ ಅದನ್ನ ತುಂಬಿಸಿಬಿಡ್ತಾರೆ. ಹಾಗಾಗಿ ಧ್ವನಿಯನ್ನ ಹಿಂಡಿ ಚಿಕ್ಕದು ಮಾಡ್ತಿದ್ರು, ಅದರ ಮೇಲೆ ಪಡಿತರದ ಥರ ಹಂಚಿಕೆ. ಯಾರ ಪೆಟ್ಟಿಗೆಯಲ್ಲಿ ಎಷ್ಟು ಸಂದೇಶ, ಒಂದೊಂದು ಎಷ್ಟು ನಿಮಿಷ, ಕೇಳಿದ ಮೇಲೆ ಎಷ್ಟು ದಿನ ಇಡೋದು. ಮ್ಯಾನೇಜರಿಗೆ ಜಾಸ್ತಿ, ಗುಮಾಸ್ತರಿಗೆ ಕಮ್ಮಿ. ಅವಧಿ ಮುಗಿದ ಸಂದೇಶವನ್ನ ಯಂತ್ರ ತಾನೇ ಅಳಿಸಿಬಿಡುತ್ತೆ. ಈ ಕೊನೇ ಸೆಟ್ಟಿಂಗ್ ಮುಂದೆ ಒಂದು ದೇಶವನ್ನೇ ಅಲುಗಾಡಿಸುತ್ತೆ, ಬರ್ತೀನಿ ಅಲ್ಲಿಗೆ.

ಇನ್ನುಳಿದ ಕೆಲಸ? ಹೊಸಬರು ಸೇರಿದರೆ ಪೆಟ್ಟಿಗೆ ತೆರೆದು ಆರಂಭದ ಪಾಸ್‌ವರ್ಡ್ ಕೊಡೋದು. ಮರೆತವರಿಗೆ ಮತ್ತೆ ಕೊಡೋದು, ದಿನಾ. ಮೇಜಿನ ಫೋನಿನ ಕೆಂಪು ದೀಪ ಹತ್ತದಿದ್ರೆ, ಹತ್ತಿದ್ದು ಆರದಿದ್ರೆ ನೋಡೋದು. ಒಂದೇ ಸಂದೇಶ ಇಡೀ ವಿಭಾಗಕ್ಕೆ ಹೋಗೋ ಪಟ್ಟಿ ಕಟ್ಟೋದು. ‘ಸೇಲ್ಸ್‌ಗೆ ಒಂದು ಒತ್ತಿ, ಲೆಕ್ಕಪತ್ರಕ್ಕೆ ಎರಡು ಒತ್ತಿ’ ಅನ್ನೋ ದಾರಿ ಹಾಕೋದು. ಕೆಲಸ ಬಿಟ್ಟವರ ಪೆಟ್ಟಿಗೆ ಮುಚ್ಚೋದು.

ಕೇಳೋಕೆ ಸಪ್ಪೆ ಕೆಲಸ. ಗುಲಾಬಿ ಚೀಟಿ ಬರೀತಿದ್ದ ಸೆಕ್ರೆಟರಿಗೆ ಒಂದು ವಿಭಾಗದ ಗುಟ್ಟು ಮಾತ್ರ ಗೊತ್ತಿರ್ತಿತ್ತು. ಅಡ್ಮಿನಿಸ್ಟ್ರೇಟರ್ ಕೈಯಲ್ಲಿ ಇಡೀ ಕಂಪನಿಯ ಪೆಟ್ಟಿಗೆಗಳ ಮಾಸ್ಟರ್ ಕೀಲಿ. ಆದರೆ ಸೆಕ್ರೆಟರಿ ಕರೆ ಮಾಡಿದವರ ದನಿ ಗುರುತು ಹಿಡೀತಿದ್ರು, ‘ಯಾರಪ್ಪಾ ನೀನು’ ಅಂತ ಕೇಳ್ತಿದ್ರು. ಯಂತ್ರ ಕೇಳಲ್ಲ. ನಾಲ್ಕು ಅಂಕಿ ಸರಿಯಿದ್ರೆ ಬಾಗಿಲು ತೆರೆಯುತ್ತೆ.

ನನ್ನ ಮೊದಲ ಕೆಲಸ ಬೆಂಗಳೂರಲ್ಲಿ, ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ. ಹೆಸರು ಬೇಡ. ನನಗೆ ಕೊಟ್ಟ ಮೇಜಿನ ಫೋನಿನಲ್ಲಿ ಕೆಂಪು ದೀಪ ಸದಾ ಉರೀತಿತ್ತು. ಯಾರದ್ದು ಸಂದೇಶ ಅಂತ ಕೇಳಿದ್ರೆ ಪಕ್ಕದವರು ‘ಅದು ಹಂಗೇ, ಬಿಡಿ’ ಅಂದ್ರು. ನನಗಿಂತ ಮುಂಚೆ ಅಲ್ಲಿ ಕೂತಿದ್ದವರು ಬಿಟ್ಟು ಹೋಗಿ ವರ್ಷ ಆಗಿತ್ತಂತೆ. ಆ ಪೆಟ್ಟಿಗೆಗೆ ಜನ ಸಂದೇಶ ಬಿಡ್ತಾನೇ ಇದ್ರೋ ಏನೋ. ದೀಪಕ್ಕೆ ಒಂದು ಸ್ಟಿಕ್ಕರ್ ಅಂಟಿಸಿ ಸುಮ್ಮನಾದೆ. ಈ ಸಂಚಿಕೆಗೆ ಓದ್ತಾ ಇರೋವಾಗ ಗೊತ್ತಾಯ್ತು, ಅಂಥ ಅನಾಥ ಪೆಟ್ಟಿಗೆಗಳನ್ನೇ ಹುಡುಕೋ ಜನ ಇದ್ರು ಅಂತ.

1980ರ ದಶಕದ ಕೊನೆಯಲ್ಲಿ ಅಮೆರಿಕದ ಹದಿಹರೆಯದ ಹುಡುಗರ ಗುಂಪುಗಳು ರಾತ್ರಿ ಹೊತ್ತು ಕಂಪನಿ ನಂಬರ್‌ಗಳಿಗೆ ಕರೆ ಮಾಡಿ ಖಾಲಿ ಪೆಟ್ಟಿಗೆ ಹುಡುಕ್ತಿದ್ರು. ಆರಂಭದ ಪಾಸ್‌ವರ್ಡ್ ಎಷ್ಟೋ ಕಡೆ ಪೆಟ್ಟಿಗೆ ನಂಬರೇ ಆಗಿರ್ತಿತ್ತು, ಇಲ್ಲಾಂದ್ರೆ 1234. ಸಿಕ್ಕಿದ ಪೆಟ್ಟಿಗೆಯನ್ನ ತಮ್ಮದೇ ಮಾಡ್ಕೊಂಡು ಗೆಳೆಯರಿಗೆ ಸಂದೇಶ ಬಿಡೋದು. ಖಾಲಿ ಮನೆಗೆ ಬೀಗ ಬದಲಾಯಿಸಿ ಸಂಸಾರ ಹೂಡಿದ ಹಾಗೆ. 1990ರ ಒಂದು ಪ್ರಕರಣ ನಗು ಬರೋ ಹಾಗಿದೆ. ನ್ಯೂಯಾರ್ಕ್‌ನ ಸ್ಟ್ಯಾಟನ್ ಐಲೆಂಡ್‌ನ ಇಬ್ಬರು ಅಣ್ಣ-ತಮ್ಮ, ವಯಸ್ಸು 17 ಮತ್ತು 14. ವಿಡಿಯೊ ಗೇಮ್ ಪತ್ರಿಕೆಯೊಂದಕ್ಕೆ ಚಂದಾ ಕಟ್ಟಿದ್ರು, ಅದರ ಜೊತೆ ಕೊಡ್ತೀವಿ ಅಂದಿದ್ದ ಪೋಸ್ಟರ್ ಬರಲಿಲ್ಲ. ಸಿಟ್ಟಿಗೆ ಆ ಪ್ರಕಾಶನ ಕಂಪನಿ ಐಡಿಜಿಯ ವಾಯ್ಸ್‌ಮೇಲ್‌ಗೆ ನುಗ್ಗಿ ಸಂದೇಶ ಅಳಿಸಿದ್ರು, ಅಶ್ಲೀಲ ಮಾತು ತುಂಬಿಸಿದ್ರು. ನಷ್ಟ ಮಿಲಿಯನ್‌ಗಟ್ಟಲೆ ಡಾಲರ್ ಅಂತ ಕಂಪನಿ ಹೇಳಿತು. ಒಂದು ಪೋಸ್ಟರ್‌ಗೆ!

ಇನ್ನೊಂದು ಜಾತಿಯ ಕಳ್ಳತನ ಇತ್ತು, ಅದರಲ್ಲಿ ನಗೋದಕ್ಕೆ ಏನೂ ಇಲ್ಲ. ಪೆಟ್ಟಿಗೆಯೊಳಗಿಂದ ಹೊರಗಿನ ನಂಬರ್‌ಗೆ ಕರೆ ದಾಟಿಸೋ ಸೌಲಭ್ಯ ಕೆಲವು ವ್ಯವಸ್ಥೆಗಳಲ್ಲಿ ಇತ್ತು. ಪ್ರವಾಸದಲ್ಲಿರೋ ಸೇಲ್ಸ್ ಜನರಿಗೆ ಅಂತ ಕೊಟ್ಟಿದ್ದು. ಪಾಸ್‌ವರ್ಡ್ ಊಹಿಸಿದವನು ಶುಕ್ರವಾರ ಸಂಜೆ ಒಳಗೆ ಹೊಕ್ಕು ಸೋಮವಾರದವರೆಗೂ ವಿದೇಶಕ್ಕೆ ಕರೆ ಮಾರ್ತಿದ್ದ. ಬಿಲ್ ಕಂಪನಿಗೆ. ‘ನಾವು ಮಾಡಿದ ಕರೆ ಅಲ್ಲ’ ಅಂದ್ರೆ ಫೋನ್ ಕಂಪನಿ ‘ನಿಮ್ಮ ಯಂತ್ರದಿಂದ ಬಂದ ಕರೆ ತಾನೇ’ ಅಂತಿತ್ತು. ಅಡ್ಮಿನ್ ಮಾಡಬೇಕಿದ್ದ ಕೆಲಸ ಒಂದೇ ಸಾಲು: 9ರಿಂದ ಶುರುವಾಗೋ ಹೊರಗಿನ ಲೈನಿಗೆ ದಾಟೋದನ್ನ ಬಂದ್ ಮಾಡೋದು. ಎಷ್ಟೋ ಕಡೆ ಆ ಸಾಲು ಬಿದ್ದಿದ್ದು ಬಿಲ್ ಬಂದ ಮೇಲೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರು ಅಂತಾರಲ್ಲ, ಅದು.

ಈಗ ಸಿನ್ಸಿನಾಟಿಗೆ ವಾಪಸ್ ಬರೋಣ. 1998ರ ಮೇ 3ರಂದು ಎನ್‌ಕ್ವೈರರ್ 18 ಪುಟದ ವರದಿ ಪ್ರಕಟಿಸಿತು. ವಿಷಯ ಚಿಕೀಟಾ, ಬಾಳೆಹಣ್ಣಿನ ದೈತ್ಯ ಕಂಪನಿ, ಅದರ ಮುಖ್ಯ ಕಚೇರಿ ಆಗ ಅದೇ ಊರಲ್ಲಿತ್ತು. ಲ್ಯಾಟಿನ್ ಅಮೆರಿಕದ ತೋಟಗಳಲ್ಲಿ ಕೆಲಸಗಾರರ ಮೇಲೆ ಕೀಟನಾಶಕ, ಕೊಲಂಬಿಯಾದಲ್ಲಿ ಲಂಚ, ಹೀಗೆ ಆರೋಪಗಳ ಸರಮಾಲೆ. ಆಧಾರ ಏನು? ಕಂಪನಿಯೊಳಗಿನ 2,000ಕ್ಕೂ ಹೆಚ್ಚು ವಾಯ್ಸ್‌ಮೇಲ್ ಸಂದೇಶ. ಅಧಿಕಾರ ಇರೋ ಒಬ್ಬ ಹಿರಿಯ ಅಧಿಕಾರಿ ಕೊಟ್ಟಿದ್ದು ಅಂತ ಪತ್ರಿಕೆ ಹೇಳಿಕೊಂಡಿತ್ತು. ಆಮೇಲೆ ಬಯಲಾಗಿದ್ದು ಬೇರೆ: ವರದಿಗಾರ ಮೈಕ್ ಗ್ಯಾಲಗರ್ ತಾನೇ ಕಂಪನಿಯ ವಾಯ್ಸ್‌ಮೇಲ್ ವ್ಯವಸ್ಥೆಗೆ ಕರೆ ಮಾಡಿ ಕೇಳಿದ್ದ. ಒಳಗೆ ಹೋಗೋ ದಾರಿ ತೋರಿಸಿದ್ದು ಚಿಕೀಟಾ ಬಿಟ್ಟುಹೋಗಿದ್ದ ಒಬ್ಬ ವಕೀಲ. ಪತ್ರಿಕೆ ಗ್ಯಾಲಗರ್‌ನನ್ನ ಕೆಲಸದಿಂದ ತೆಗೀತು. ಸೆಪ್ಟೆಂಬರ್‌ನಲ್ಲಿ ಅವನು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ.

ಅನಧಿಕೃತವಾಗಿ ಬೇರೆಯವರ ಸಂದೇಶ ಕೇಳೋದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಲಸ ಬಿಟ್ಟ ಮನುಷ್ಯನಿಗೆ ಗೊತ್ತಿದ್ದ ಸಂಕೇತ ಅವನು ಹೋದ ಮೇಲೂ ಹೇಗೆ ಬದುಕಿತ್ತು? ಬಾಡಿಗೆದಾರ ಮನೆ ಖಾಲಿ ಮಾಡಿದ ಮೇಲೆ ಬೀಗ ಬದಲಾಯಿಸೋದು ನಮ್ಮ ಬಸವನಗುಡಿ ಮನೆ ಮಾಲೀಕರಿಗೂ ಗೊತ್ತು. ಇನ್ನೊಂದು ಕಹಿ ವಿಷಯ ಇದೆ. 2001ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ, ಕೊಲಂಬಿಯಾದ ಕಸ್ಟಮ್ಸ್ ಅಧಿಕಾರಿಗಳಿಗೆ ಅಂಗಸಂಸ್ಥೆ ಕೊಟ್ಟ ಹಣದ ವಿಚಾರದಲ್ಲಿ ಚಿಕೀಟಾಗೆ 1,00,000 ಡಾಲರ್ ದಂಡ ಹಾಕಿತು. ಲೆಕ್ಕದ ಪುಸ್ತಕ ಸರಿ ಇಟ್ಟಿಲ್ಲ ಅನ್ನೋ ಆರೋಪ. ಅಂದರೆ ವರದಿಯಲ್ಲಿ ಹುರುಳೇ ಇರಲಿಲ್ಲ ಅನ್ನೋ ಹಾಗಿಲ್ಲ. ಆದರೆ ಕದ್ದು ಕೇಳಿದ ಕಾರಣಕ್ಕೆ ತೋಟದ ಕೂಲಿಗಳ ಕತೆ ಮುಳುಗಿಹೋಯ್ತು, ಚರ್ಚೆ ಎಲ್ಲ ವಾಯ್ಸ್‌ಮೇಲ್ ಬಗ್ಗೆ. 1 ಕೋಟಿ ಡಾಲರ್ ಕಂಪನಿಗೆ ಹೋಯ್ತು, ಕೂಲಿಗಳಿಗಲ್ಲ.

ನಾಲ್ಕು ವರ್ಷ ಮುಂದೆ ಹೋಗೋಣ. 2002ರ ಮಾರ್ಚ್. ಎಚ್‌ಪಿ ಕಂಪನಿ ಕಾಂಪ್ಯಾಕ್ ಅನ್ನ ಕೊಳ್ಳೋಕೆ ಹೊರಟಿತ್ತು, ಷೇರುದಾರರ ಮತದಾನ 19ಕ್ಕೆ. ಎರಡು ದಿನ ಮುಂಚೆ ಮುಖ್ಯಸ್ಥೆ ಕಾರ್ಲಿ ಫಿಯೊರಿನಾ ಹಣಕಾಸು ಅಧಿಕಾರಿ ಬಾಬ್ ವೇಮನ್ ಅವರಿಗೆ ವಾಯ್ಸ್‌ಮೇಲ್ ಬಿಟ್ಟರು. ಡಾಯ್ಚ ಬ್ಯಾಂಕ್‌ನ ಮತದ ಬಗ್ಗೆ ಆತಂಕ ಇದೆ, ಅವರನ್ನ ಒಲಿಸಿಕೊಳ್ಳೋಕೆ ಏನಾದ್ರೂ ಅಸಾಮಾನ್ಯವಾದದ್ದು ಮಾಡಬೇಕಾಗಬಹುದು ಅನ್ನೋ ಅರ್ಥದ ಮಾತು. ಏಪ್ರಿಲ್‌ನಲ್ಲಿ ಆ ಧ್ವನಿ ಸ್ಯಾನ್ ಹೋಸೆ ಮರ್ಕ್ಯುರಿ ನ್ಯೂಸ್ ಪತ್ರಿಕೆಗೆ ಸಿಕ್ಕಿತು. ಅಷ್ಟೊತ್ತಿಗೆ ಬ್ಯಾಂಕ್ ತನ್ನ 1.7 ಕೋಟಿ ಷೇರಿನ ಮತವನ್ನ ವಿರೋಧದಿಂದ ಪರವಾಗಿ ತಿರುಗಿಸಿ ಆಗಿತ್ತು. ಡೆಲವೇರ್ ಕೋರ್ಟಿನಲ್ಲಿ ಎಚ್‌ಪಿ ಗೆದ್ದಿತು. ಆದರೆ ಮರುವರ್ಷ ತನ್ನ ಹಿತಾಸಕ್ತಿ ಸಂಘರ್ಷ ಮುಚ್ಚಿಟ್ಟಿದ್ದಕ್ಕೆ ಡಾಯ್ಚ ಬ್ಯಾಂಕ್‌ನ ಅಂಗಸಂಸ್ಥೆ 7,50,000 ಡಾಲರ್ ದಂಡ ಕಟ್ಟಿತು. 1930ರ ದಶಕದಲ್ಲಿ ಎಟಿ ಅಂಡ್ ಟಿ ಹೆದರಿದ್ದು ಇದಕ್ಕೇ ತಾನೇ? ಬಾಯಿಮಾತು ಸಾಕ್ಷಿಯಾಗಿಬಿಡುತ್ತೆ. 2006ರ ಡಿಸೆಂಬರ್‌ನಿಂದ ಅಮೆರಿಕದ ಫೆಡರಲ್ ಕೋರ್ಟುಗಳ ನಿಯಮದಲ್ಲಿ ಕಂಪ್ಯೂಟರಿನಲ್ಲಿ ಸಂಗ್ರಹವಾದ ಮಾಹಿತಿ ಅನ್ನೋ ಮಾತು ಸ್ಪಷ್ಟವಾಗಿ ಸೇರಿತು, ಧ್ವನಿಮುದ್ರಣವೂ ಅದರಲ್ಲಿ ಬಂತು. ಅಡ್ಮಿನ್‌ಗೆ ಹೊಸ ತಲೆಬಿಸಿ: ಅಳಿಸಿದರೆ ಸಾಕ್ಷ್ಯ ನಾಶ, ಇಟ್ಟರೆ ಸೋರಿಕೆ.

ಮೂರನೇ ಊರು ಲಂಡನ್. ಇಲ್ಲಿ ಆಫೀಸ್ ಯಂತ್ರಕ್ಕಿಂತ ಮೊಬೈಲ್ ವಾಯ್ಸ್‌ಮೇಲ್ ಮುಖ್ಯ, ಆದರೆ ಕೀಲಿಯ ಕತೆ ಅದೇ. 2005ರ ನವೆಂಬರ್‌ನಲ್ಲಿ ‘ನ್ಯೂಸ್ ಆಫ್ ದ ವರ್ಲ್ಡ್’ ಪತ್ರಿಕೆಯಲ್ಲಿ ರಾಜಕುಮಾರ ವಿಲಿಯಂ ಮೊಣಕಾಲು ನೋವಿನ ಬಗ್ಗೆ ಪುಟ್ಟ ಸುದ್ದಿ ಬಂತು. ಆ ವಿಷಯ ಗೊತ್ತಿದ್ದವರು ಬೆರಳೆಣಿಕೆಯ ಜನ. ಅದೇ ಸಮಯದಲ್ಲಿ ಅರಮನೆಯ ಸಿಬ್ಬಂದಿಗೆ ಇನ್ನೊಂದು ವಿಚಿತ್ರ ಕಂಡಿತ್ತು: ತಾವು ಕೇಳೇ ಇರದ ಸಂದೇಶಗಳು ‘ಕೇಳಿ ಆಗಿದೆ’ ಅಂತ ತೋರಿಸ್ತಿದ್ವು. ಯಾರೋ ಮುಂಚೆ ಕೇಳಿಬಿಟ್ಟಿದ್ರು. 2007ರ ಜನವರಿಯಲ್ಲಿ ಪತ್ರಿಕೆಯ ರಾಜಮನೆತನ ಸಂಪಾದಕ ಕ್ಲೈವ್ ಗುಡ್‌ಮನ್ ಮತ್ತು ಖಾಸಗಿ ಪತ್ತೇದಾರ ಗ್ಲೆನ್ ಮಲ್‌ಕೇರ್ ಜೈಲಿಗೆ ಹೋದ್ರು. ತಂತ್ರ ಏನೂ ರಾಕೆಟ್ ಸೈನ್ಸ್ ಅಲ್ಲ. ಹೊರಗಿಂದ ವಾಯ್ಸ್‌ಮೇಲ್ ಕೇಳೋಕೆ ಫೋನ್ ಕಂಪನಿ ಎಲ್ಲರಿಗೂ ಒಂದೇ ಆರಂಭದ ಪಿನ್ ಕೊಟ್ಟಿತ್ತು, ಬಹಳ ಜನ ಬದಲಾಯಿಸಿರಲಿಲ್ಲ. ಬದಲಾಯಿಸಿದ್ರೆ ಕಂಪನಿಗೆ ಫೋನ್ ಮಾಡಿ ಒಳಗಿನವರ ಥರ ಮಾತಾಡಿ ಪಿನ್ ಮರುಹೊಂದಿಸೋದು.

2011ರ ಜುಲೈನಲ್ಲಿ ‘ಗಾರ್ಡಿಯನ್’ ಇನ್ನೊಂದು ಸುದ್ದಿ ಬರೆಯಿತು. 2002ರಲ್ಲಿ ಕಾಣೆಯಾಗಿ ಕೊಲೆಯಾದ ಮಿಲಿ ಡೌಲರ್ ಅನ್ನೋ 13 ವರ್ಷದ ಹುಡುಗಿಯ ವಾಯ್ಸ್‌ಮೇಲನ್ನೂ ಆ ಪತ್ರಿಕೆ ಕದ್ದು ಕೇಳಿತ್ತು. ಪೆಟ್ಟಿಗೆ ತುಂಬಿದ್ದರಿಂದ ಹಳೇ ಸಂದೇಶ ಅಳಿಸಿದ್ರು, ಮಗಳು ಬದುಕಿದ್ದಾಳೆ, ಅವಳೇ ಸಂದೇಶ ಕೇಳ್ತಿದ್ದಾಳೆ ಅಂತ ಹೆತ್ತವರಿಗೆ ಹುಸಿ ಆಸೆ ಹುಟ್ಟಿತು ಅಂತಲೂ ವರದಿ ಹೇಳಿತು. ಬ್ರಿಟನ್ ಹೊತ್ತಿ ಉರೀತು. 168 ವರ್ಷದ ಪತ್ರಿಕೆ ಜುಲೈ 10ರಂದು ಕೊನೇ ಸಂಚಿಕೆ ತಂದು ಬಾಗಿಲು ಹಾಕಿತು. ಡಿಸೆಂಬರ್‌ನಲ್ಲಿ ಪೊಲೀಸರು ಹೇಳಿದ್ದು ಕೇಳಿ: ಕೇಳಿದ ಸಂದೇಶಗಳನ್ನ 72 ಗಂಟೆ ಆದ ಮೇಲೆ ವ್ಯವಸ್ಥೆಯೇ ತಾನಾಗಿ ಅಳಿಸಿರಬಹುದು. ಕದ್ದು ಕೇಳಿದ್ದು ನಿಜ, ಅದು ಅಕ್ಷಮ್ಯ. ಆದರೆ ಆ ತಾಯಿಗೆ ಮಗಳು ಬದುಕಿದ್ದಾಳೆ ಅನ್ನಿಸಿದ ಗಳಿಗೆಯ ಹಿಂದೆ ಇದ್ದಿದ್ದು ಡಿಸ್ಕ್ ಜಾಗ ಉಳಿಸೋಕೆ ಯಾರೋ ಯಾವತ್ತೋ ಹಾಕಿದ್ದ ಒಂದು ಅಂಕಿ ಇರಬಹುದು. ಮುಂಚೆ ಹೇಳಿದ್ದೆನಲ್ಲ, ಆ ಸೆಟ್ಟಿಂಗ್. ನಾನು ಇದನ್ನ ಓದಿದ ರಾತ್ರಿ ಬೇರೇನೂ ಬರೆಯಕ್ಕಾಗಲಿಲ್ಲ.

ನಮ್ಮ ದೇಶದ ಕತೆ ಬೇಗ ಮುಗಿಯುತ್ತೆ. 1992ರಲ್ಲಿ ಕೇಂದ್ರ ಸರ್ಕಾರ ಮೌಲ್ಯವರ್ಧಿತ ದೂರಸಂಪರ್ಕ ಸೇವೆಗಳನ್ನ ಖಾಸಗಿಯವರಿಗೆ ತೆರೆದಾಗ ಪಟ್ಟಿಯಲ್ಲಿ ಮೊಬೈಲ್, ಪೇಜರ್, ಇಮೇಲ್ ಜೊತೆ ವಾಯ್ಸ್‌ಮೇಲ್ ಕೂಡ ಇತ್ತು. ಮೊಬೈಲ್ ಎಲ್ಲಿಗೆ ಹೋಯ್ತು ಗೊತ್ತೇ ಇದೆ. ಜನಸಾಮಾನ್ಯರಲ್ಲಿ ವಾಯ್ಸ್‌ಮೇಲ್ ಬೇರು ಬಿಡಲಿಲ್ಲ. ನನ್ನ ಅನಿಸಿಕೆ ಕೇಳಿದ್ರೆ, ನಮ್ಮಲ್ಲಿ ಮಿಸ್ಡ್ ಕಾಲ್ ಆ ಕೆಲಸ ಮಾಡಿಬಿಟ್ಟಿತು. ಒಂದು ರಿಂಗ್ ಅಂದ್ರೆ ‘ತಲುಪಿದೆ’, ಎರಡು ಅಂದ್ರೆ ‘ಫೋನ್ ಮಾಡು’. ದುಡ್ಡೂ ಇಲ್ಲ, ದಾಖಲೆಯೂ ಇಲ್ಲ, ಪಾಸ್‌ವರ್ಡೂ ಇಲ್ಲ. ವಾಯ್ಸ್‌ಮೇಲ್ ಉಳಿದಿದ್ದು ಬೆಂಗಳೂರಿನಂಥ ಕಡೆ, ವಿದೇಶಿ ಗ್ರಾಹಕರ ಜೊತೆ ಕೆಲಸ ಮಾಡೋ ಕಂಪನಿಗಳ ಮೇಜುಗಳ ಮೇಲೆ. ಅಲ್ಲೂ ಬಹುಮಟ್ಟಿಗೆ ಸ್ಟಿಕ್ಕರ್ ಅಂಟಿಸಿಕೊಂಡ ದೀಪವಾಗಿ.

ಅತ್ತ ಅಮೆರಿಕದಲ್ಲಿ ಇದು ಭಾರೀ ವ್ಯಾಪಾರ ಆಗಿತ್ತು. ಮ್ಯಾಥ್ಯೂಸ್ ಕಟ್ಟಿದ ವಿಎಂಎಕ್ಸ್ ಅನ್ನ ಆಕ್ಟೆಲ್ ಕೊಂಡಿತು, ಆಕ್ಟೆಲ್ ಅನ್ನ 1997ರಲ್ಲಿ ಲೂಸೆಂಟ್ 180 ಕೋಟಿ ಡಾಲರ್‌ಗೆ ಕೊಂಡಿತು. ಮ್ಯಾಥ್ಯೂಸ್ 2002ರಲ್ಲಿ, 65ನೇ ವಯಸ್ಸಿಗೆ ತೀರಿಕೊಂಡ. ಅಷ್ಟೊತ್ತಿಗಾಗಲೇ ಜನ ಇಮೇಲ್ ಕಡೆ ವಾಲಿದ್ರು. 2013ರಲ್ಲಿ ವಾಟ್ಸ್‌ಆ್ಯಪ್‌ಗೆ ವಾಯ್ಸ್ ಮೆಸೇಜ್ ಬಂತು. ಅಲ್ಲಿ ಆಫೀಸಿನ ಅಡ್ಮಿನ್ನೂ ಇಲ್ಲ, ಪೆಟ್ಟಿಗೆ ಮುಚ್ಚೋರೂ ಇಲ್ಲ. ಕೆಲಸ ಬಿಟ್ಟವರು ಆಫೀಸ್ ಗ್ರೂಪ್‌ನಲ್ಲಿ ಇನ್ನೂ ಇದ್ದಾರಾ ಅಂತ ನೋಡೋದು ಯಾರ ಕೆಲಸ? ನಿಮ್ಮ ಆಫೀಸ್ ಗ್ರೂಪ್ ಒಂದ್ಸಲ ತೆರೆದು ಸದಸ್ಯರ ಪಟ್ಟಿ ನೋಡಿ, ಕೆಳಗೆ ಕಾಮೆಂಟ್‌ನಲ್ಲಿ ಎಷ್ಟು ಜನ ‘ಹಳಬರು’ ಸಿಕ್ಕರು ಅಂತ ಹೇಳಿ.

2015ರಲ್ಲಿ ಜೆಪಿ ಮಾರ್ಗನ್ ಚೇಸ್ ಬ್ಯಾಂಕ್, ನೇರವಾಗಿ ಗ್ರಾಹಕರ ಜೊತೆ ಮಾತಾಡದ ಸಿಬ್ಬಂದಿಯ ವಾಯ್ಸ್‌ಮೇಲ್ ತೆಗೆಯೋಕೆ ಶುರು ಮಾಡಿತು. ಒಂದು ಪೆಟ್ಟಿಗೆಗೆ ತಿಂಗಳಿಗೆ ಸುಮಾರು 10 ಡಾಲರ್ ಖರ್ಚಾಗ್ತಿತ್ತಂತೆ, ಒಟ್ಟು ವರ್ಷಕ್ಕೆ 30 ಲಕ್ಷ ಡಾಲರ್‌ಗೂ ಮೇಲೆ ಉಳಿತಾಯ. ಅದಕ್ಕೂ ಮುಂಚೆ, 2014ರ ಡಿಸೆಂಬರ್‌ನಲ್ಲಿ ಕೋಕಾ-ಕೋಲಾ ಕಂಪನಿ ಅಟ್ಲಾಂಟಾದ ತನ್ನ ಮುಖ್ಯ ಕಚೇರಿಯಲ್ಲಿ ಇದನ್ನೇ ಮಾಡಿತ್ತು. ಉಳಿತಾಯ ವರ್ಷಕ್ಕೆ 1,00,000 ಡಾಲರ್‌ಗಿಂತ ಕಡಿಮೆ, ಅಷ್ಟು ದೊಡ್ಡ ಕಂಪನಿಗೆ ಅದು ಪುಡಿಗಾಸು. ಕೆಲಸ ಸರಳ ಮಾಡೋಕೆ ಅಂತ ಕಾರಣ ಕೊಟ್ಟರು. ಬೇಕಾದವರು ಇಟ್ಟುಕೊಳ್ಳಬಹುದು ಅಂದಾಗ ಇಟ್ಟುಕೊಂಡಿದ್ದು ನೂರಕ್ಕೆ 6 ಜನ.

ಅಡ್ಮಿನ್ ಕೊನೇದಾಗಿ ಮಾಡಿದ ಕೆಲಸ ಎಲ್ಲ ಫೋನ್‌ಗಳಿಗೂ ಒಂದೇ ಸ್ವಾಗತ ಸಂದೇಶ ಹಾಕೋದು. ಕರೆ ಮಾಡಿದವರಿಗೆ ಅದು ಹೇಳ್ತಿದ್ದಿದ್ದು ಇಷ್ಟು: ಆಮೇಲೆ ಮತ್ತೆ ಪ್ರಯತ್ನಿಸಿ, ಇಲ್ಲಾಂದ್ರೆ ಬೇರೆ ದಾರಿಯಲ್ಲಿ ಸಂಪರ್ಕಿಸಿ.